ಉಪ್ಪುಕೋಟೆಯ ಇರುವಂತಿ

ಹಾಳಾದ ವೀಸಾ ಅರ್ಜಿಗಳ ಬೆನ್ನ ಮೇಲೆ
ಹದಿಮೂರರ ಮಗ ಒಂದು ರಾಜವಂಶ ಬರೆಯುತ್ತಿದ್ದಾನೆ.
ಟೈಪಿಂಗ್ ಸೆಂಟರಿನಿಂದ ನಾನೇ ತಂದ ಹಾಳೆಗಳು.
ಈ ಬದಿಗೆ ಯಾರದೋ ಹೆಸರಿನ ತಪ್ಪು ಕಾಗುಣಿತ,
ಆ ಬದಿಗೆ ತೊರೆಯಾಳ ಸಾಮ್ರಾಜ್ಯದ ಹನ್ನೊಂದು ತಲೆಮಾರು.

ರಾಸ್ ಅಲ್ ಖೈಮಾದ ನಖೀಲಿನಲ್ಲಿ, ಎರಡನೇ ಮಹಡಿಯಲ್ಲಿ,
ಎಂಟು ಹಾಳೆ ಅಂಟಿಸಿ ನೆಲದ ತುಂಬ ಹಾಸಿ
ತಟ್ಟೆ ಇಡಲೂ ಜಾಗವಿಲ್ಲದಂತೆ
ಹುಟ್ಟುತ್ತಾರೆ, ಪಟ್ಟಕ್ಕೇರುತ್ತಾರೆ, ವಿಷ ಕುಡಿಯುತ್ತಾರೆ.
ಕೊಡಲಿಯ ಕಾರಿಬೊಮ್ಮ, ಅವನ ಮೂವರು ಕುರುಡು ಮಕ್ಕಳು,
ತನ್ನ ನೆರಳು ಮಾರಿ ಕುದುರೆ ಕೊಂಡ ರಾಣಿ ತುಂಬೆಯಕ್ಕ.

ಗುಡಿಸುವಾಗ ಕಂಡಳು, ಆರನೇ ಸಾಲಿನ ಅಂಚಿನಲ್ಲಿ,
ಮಂಚದ ಕಾಲಿನ ಕೆಳಗೆ ಅರ್ಧ ಸಿಕ್ಕಿಕೊಂಡು:
'ಇರುವಂತಿ, ಉಪ್ಪುಕೋಟೆಯವಳು.'
ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ.
ಹುಟ್ಟಿದ ವರ್ಷವಿಲ್ಲ.

'ಯಾರೋ ಇವಳು?'
ತಲೆ ಎತ್ತಲಿಲ್ಲ ಅವನು.
'ಯಾರೂ ಅಲ್ಲಮ್ಮ. ಎರಡು ಮನೆ ಸೇರಿಸೋಕೆ
ಒಬ್ಬಳು ಬೇಕಿತ್ತು, ಅಷ್ಟೆ.'

ಅಂದಿನಿಂದ ಕೌಂಟರಿನಲ್ಲಿ ಬೆರಳು ತಪ್ಪುತ್ತಿದೆ.
ಟೋಕನ್ ನಲವತ್ತೆರಡು: ಪತ್ನಿ, ಅವಲಂಬಿತೆ.
ಕೆಲಸ ಏನೆಂದು ಹಾಕಲಿ ಎಂದರೆ
ಗಂಡ ಅವಳತ್ತ ನೋಡುತ್ತಾನೆ, ಅವಳು ಏಸಿಯತ್ತ.
ಗೃಹಿಣಿ ಎಂದು ಒತ್ತುತ್ತೇನೆ.
ಮೂವತ್ತು ದಿರ್‌ಹಮ್, ರಸೀದಿ ಬೇಕೇ?

ಭಾನುವಾರ ಜಜೀರಾ ಅಲ್ ಹಮ್ರಾಕ್ಕೆ ಹೋದೆವು,
ಮುತ್ತು ಹೆಕ್ಕುವವರು ಬಿಟ್ಟುಹೋದ ಊರು.
ಕಡಲ ಹವಳ ಕಡಿದು ಕಟ್ಟಿದ ಗೋಡೆಗಳು,
ಇಣುಕಿದರೆ ಕಪ್ಪೆಚಿಪ್ಪು, ಆಡಿನ ಹಿಕ್ಕೆ, ನೀಲಿ ಬಾಗಿಲಿನ ಅರ್ಧ.
ಮಗ ತನ್ನ ರಾಜರಿಗೆ ಕೋಟೆ ಹುಡುಕುತ್ತ ಓಡಿದ.
ಇವರು ಕ್ವಾರಿಯ ದೂಳು ಕೆಮ್ಮುತ್ತ ಕಾರಿನಲ್ಲೇ ಉಳಿದರು.
ಗೋಡೆಗೆ ಒರಗಿದೆ. ಹವಳ ಬೆನ್ನಿಗೆ ಚುಚ್ಚಿತು.
ಅವಳ ಮನೆ ಇದೇ ಇರಬೇಕು ಅನಿಸಿತು.

ಎಡಚಿ ಅವಳು.
ಧಾರೆಯ ದಿನ ಬಲಗೈ ಮುಂದೆ ಮಾಡೆಂದು
ಮೂವರು ಅತ್ತೆಯರು ಎಡಗೈಯನ್ನು ಸೆರಗಿನಲ್ಲಿ ಸುತ್ತಿದರು.
ಗಂಡ ಒಳ್ಳೆಯವನೇ, ಬೇಟೆಗೆ ಹೋದವನು
ನಾಲ್ಕು ತಿಂಗಳಿಗೊಮ್ಮೆ ನೆನಪಾಗಿ ಬರುತ್ತಿದ್ದ.
ಅವಳಿಗೆ ಬಿಟ್ಟದ್ದು ಕೋಟೆಯಲ್ಲ, ಕೋಟೆಯ ಹಿಂದಿನ ಗದ್ದೆ:
ಉಪ್ಪುನೀರು ಕಟ್ಟಿ, ಬಿಸಿಲಿಗೆ ಬಿಟ್ಟು,
ಯಾವ ಪಾತಿ ಬಲಿತಿದೆ ಎಂದು ನಾಲಿಗೆಯಿಂದ ಹೇಳುತ್ತಿದ್ದಳು.
ಶಮಾಲ್ ಗಾಳಿ ಎದ್ದ ದಿನ ಗೋಣಿ ಹೊದೆಸಲು
ಆಳುಗಳಿಗಿಂತ ಮೊದಲು ಬರಿಗಾಲಲ್ಲಿ ಓಡಿದವಳು.

ಆಮೇಲೆ ಎರಡು ಮನೆಗೂ ಯುದ್ಧ ಹತ್ತಿತು.
ಅವಳ ಗೆರೆಯ ಎರಡು ತುದಿಯಲ್ಲೂ ಬೆಂಕಿ.
ಮಾಂಸ ಕೆಡದಿರಲು, ಕುದುರೆ ಸಾಯದಿರಲು
ಇಬ್ಬರ ದೂತರೂ ಒಂದೇ ಬೆಳಿಗ್ಗೆ ಬಂದು ನಿಂತರು.
ಒಂದೇ ತೂಕ, ಒಂದೇ ಬೆಲೆ, ಸಾಲವಿಲ್ಲ ಎಂದಳು.
ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ,
ನೀರಿಗೂ ಒಂದು ದರ ಹೇಳಿದಳು.

'ಅಮ್ಮಾ, ಕೋಟೆ ಸಿಗಲಿಲ್ಲ' ಎಂದು ಮಗ ಬಂದ,
ಮೊಣಕಾಲು ತರಚಿಕೊಂಡು. ಉಗುಳು ಹಚ್ಚಿ ಒರೆಸಿದೆ.

ಅಂದು ರಾತ್ರಿ ಪೆನ್ಸಿಲ್ ಹಿಡಿದು
ಅವಳ ಹೆಸರಿನ ಕೆಳಗೆ ಚಿಕ್ಕದಾಗಿ ಬರೆದೆ: ಎಡಗೈ.

ಬೆಳಿಗ್ಗೆ ರೇಗಿದ. 'ಯುದ್ಧಕ್ಕೆ ಮೊದಲೇ ಸಾಯ್ತಾಳೆ ಅವಳು,
ಏಳನೇ ಸಾಲಿಗೆ ಬರೋದೇ ಇಲ್ಲ, ನಿಂಗೆ ಗೊತ್ತಾಗಲ್ಲ.'
ಒಂದು ಸಾಕ್ಸ್ ಹಾಕಿಕೊಂಡು ರಬ್ಬರು ಹುಡುಕಿದ.
ರಬ್ಬರು ನನ್ನ ಬ್ಯಾಗಿನಲ್ಲಿತ್ತು. ಹೇಳಲಿಲ್ಲ.
ಕೆಳಗೆ ಸ್ಕೂಲ್ ಬಸ್ಸು ಹಾರ್ನ್ ಹಾಕಿತು.

ಸಂಜೆ ಬಂದು ನೋಡಿದರೆ ಎಡಗೈಯ ಪಕ್ಕ
ಅವನ ಕೋಳಿಕಾಲಿನ ಅಕ್ಷರ:
'ಕತ್ತಿವರಸೆ ಯಾರು ಕಲಿಸಿದ್ದು?'

ಚಪ್ಪಲಿ ಬಿಡದೆ, ಚೀಲ ಇಳಿಸದೆ, ಬಗ್ಗಿ ಬರೆದೆ:
ಕತ್ತಿ ಅಲ್ಲ ಕಣೋ. ತಕ್ಕಡಿ.